ಪ್ರೋಗ್ರಾಮುಗಳ ವೇಗಪರೀಕ್ಷೆಯಲ್ಲಿ ಗಡಿಯಾರದ ಆಯ್ಕೆ: ಒಂದು ವಿಮರ್ಶೆ

೧

ಶಾಸನವೊಂದರಲ್ಲಿ ‘ಹತ್ತನೆಯ ವರ್ಷ’ ಎಂದಿಷ್ಟೇ ಉಳಿದು ಮಿಕ್ಕ ಅಕ್ಷರಗಳು ಸವೆದುಹೋಗಿದ್ದರೆ ಅದರಿಂದ ಕಾಲನಿರ್ಣಯ ಸಾಧ್ಯವಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ವಿದಿತವೇ ಇದೆ. ಆ ಹತ್ತು ಚಾಲುಕ್ಯ ವಿಕ್ರಮವರ್ಷದ್ದೋ, ಆಗ ಆಳುತ್ತಿದ್ದ ಅರಸನ ಪಟ್ಟಾಭಿಷೇಕದಿಂದ ಎಣಿಸಿದ್ದೋ, ಗತವರ್ಷವೋ, ವರ್ತಮಾನವರ್ಷವೋ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಅಂಕೆಯನ್ನು ಮಾತ್ರ ಎತ್ತಿಕೊಂಡು ವಾದಿಸುವ ಸಂಶೋಧಕನನ್ನು ನಾವು ಒಪ್ಪುವುದಿಲ್ಲ. ಹೀಗಿದ್ದರೂ ನಮ್ಮ ವಿಭಾಗಗಳಲ್ಲಿ ಕಂಪ್ಯೂಟರಿನ ಬಳಕೆ ಹೆಚ್ಚಿದಂತೆಲ್ಲ ಇದೇ ಬಗೆಯ ಅಂಕೆಗಳು ನಮ್ಮ ಬರವಣಿಗೆಯೊಳಕ್ಕೆ ತಡೆಯಿಲ್ಲದೆ ಬರುತ್ತಿವೆ. ‘ಈ ಪ್ರೋಗ್ರಾಮು ಇಷ್ಟು ಮಿಲಿಸೆಕೆಂಡುಗಳಲ್ಲಿ ಮುಗಿಯಿತು, ಆ ಪ್ರೋಗ್ರಾಮಿಗೆ ಅದರ ಇಮ್ಮಡಿ ಹಿಡಿಯಿತು’ ಎಂದು ಬರೆಯುವವರು, ಅಳೆದ ಗಡಿಯಾರ ಯಾವುದೆಂಬುದನ್ನು ಹೇಳುವುದು ಅಪರೂಪ. ಒಂದೇ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಗಡಿಯಾರಗಳಿವೆ ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ.

ಪ್ರಸ್ತುತ ಲೇಖಕನು ಗಣಕವಿಜ್ಞಾನದ ಪಂಡಿತನಲ್ಲ. ಈ ವಿಷಯವನ್ನು ಕುರಿತು ಬರೆಯಬೇಕಾಗಿ ಬಂದುದು ತನ್ನಿಂದಲೇ ಆದ ಒಂದು ತಪ್ಪಿನ ಕಾರಣದಿಂದ. ಶಾಸನಗಳಲ್ಲಿ ಬರುವ ಶಕವರ್ಷ, ಮಾಸ, ತಿಥಿಗಳನ್ನು ಕ್ರಿಸ್ತಶಕದ ದಿನಾಂಕಕ್ಕೆ ಪರಿವರ್ತಿಸಿ, ವಾರವು ಹೊಂದುತ್ತದೆಯೇ ಎಂದು ನೋಡುವ ಒಂದು ಪ್ರೋಗ್ರಾಮನ್ನು ನಾನು ಪೈಥಾನ್ ಭಾಷೆಯಲ್ಲಿ ಸಿದ್ಧಪಡಿಸಿದ್ದೆ. ಅದು ಕಲಿಯುಗಾದಿಯಿಂದ ಸಂದ ದಿನಗಳ ಮೊತ್ತವನ್ನು, ಅಂದರೆ ಅಹರ್ಗಣವನ್ನು, ಪ್ರತಿಯೊಂದು ತೇದಿಗೂ ಹೊಸದಾಗಿ ಗಣಿಸುತ್ತಿತ್ತು. ನಮ್ಮ ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬರು ಬೇರೊಂದು ಮಾರ್ಗವನ್ನು ಹಿಡಿದರು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಗ್ರಂಥಗಳಲ್ಲಿರುವಂತಹ ಕೋಷ್ಟಕಗಳನ್ನು ಒಮ್ಮೆ ಕಡತದಿಂದ ಓದಿಕೊಂಡು, ಬೇಕಾದ ಸಾಲನ್ನು ಅದರಲ್ಲಿ ಹುಡುಕುವುದು ಅವರ ಕ್ರಮ. ವಿಭಾಗದ ವಿಚಾರಗೋಷ್ಠಿಯಲ್ಲಿ ಎರಡನ್ನೂ ಒಂದೊಂದು ಸಲ ಓಡಿಸಿ ತೋರಿಸಿದೆನು. ನನ್ನ ಪ್ರೋಗ್ರಾಮಿಗೆ ತಗುಲಿದ ಕಾಲ ಸೊನ್ನೆ ಎಂದೂ, ಅವರದಕ್ಕೆ ೧೫.೬ ಮಿಲಿಸೆಕೆಂಡು ಎಂದೂ ಯಂತ್ರವು ಬರೆಯಿತು. ಕೋಷ್ಟಕದ ಮಾರ್ಗವು ನಿಧಾನವಾದುದೆಂದು ನಾನು ಸಭೆಯಲ್ಲಿಯೇ ತೀರ್ಮಾನ ಹೇಳಿದೆ. ಆಕೆ ಪ್ರತಿಯಾಡಲಿಲ್ಲ, ತಮ್ಮ ಕ್ರಮವನ್ನು ಕೈಬಿಟ್ಟರು.

ಕೆಲವು ವಾರಗಳ ತರುವಾಯ ಹತ್ತು ಸಾವಿರ ತೇದಿಗಳನ್ನು ಒಟ್ಟಿಗೆ ಕೊಟ್ಟು ನನ್ನ ಪ್ರೋಗ್ರಾಮನ್ನು ಓಡಿಸಿದಾಗ ತಗುಲಿದ ಕಾಲವು ಮೈನಸ್ ೧೧೨ ಸೆಕೆಂಡು ಎಂದು ಬಂದಿತು. ಆರಂಭವಾಗುವುದಕ್ಕೆ ಮುಂಚೆಯೇ ಕೆಲಸ ಮುಗಿಯಿತೆಂದು ಹೇಳುವ ಸಾಕ್ಷಿಯನ್ನು ಯಾವ ಇತಿಹಾಸಕಾರನೂ ನಂಬಲಾರ. ಹಾಗಾದರೆ ಅದೇ ಸಾಕ್ಷಿ ಹಿಂದೆ ಹೇಳಿದ ಸೊನ್ನೆಯನ್ನೂ ೧೫.೬ನ್ನೂ ನಾನು ನಂಬಿದ್ದು ಹೇಗೆ? ಈ ಪ್ರಶ್ನೆಯೇ ಪ್ರಸ್ತುತ ವಿಮರ್ಶೆಗೆ ಮೂಲ.

೨

ಮೊದಲು ೧೫.೬ರ ವಿಚಾರ. ನಾನು ಬಳಸಿದ್ದು ಪೈಥಾನಿನ ‘ಟೈಮ್.ಟೈಮ್’ ಎಂಬ ಫಂಕ್ಷನ್ನು. ಯಂತ್ರವು ವಿಂಡೋಸ್ ವ್ಯವಸ್ಥೆಯದು. ಪೈಥಾನಿನ ಆವೃತ್ತಿ ಹಳೆಯದು. ವಿಂಡೋಸಿನ ಸಾಧಾರಣ ಗಡಿಯಾರವು ಸಾಮಾನ್ಯವಾಗಿ ಸೆಕೆಂಡಿಗೆ ೬೪ ಸಲ ಮಾತ್ರ ಮುಂದಕ್ಕೆ ಹೆಜ್ಜೆಯಿಡುತ್ತದೆ. ಸೆಕೆಂಡನ್ನು ೬೪ರಿಂದ ಭಾಗಿಸಿದರೆ ಬರುವುದು ೧೫.೬೨೫ ಮಿಲಿಸೆಕೆಂಡು. ಎರಡು ಹೆಜ್ಜೆಗಳ ನಡುವೆ ಎಷ್ಟು ಸಲ ಕೇಳಿದರೂ ಗಡಿಯಾರವು ಅದೇ ಹೊತ್ತನ್ನು ಹೇಳುತ್ತದೆ. ಆದಕಾರಣ ಅದಕ್ಕಿಂತ ಕಡಮೆ ಕಾಲದಲ್ಲಿ ಮುಗಿಯುವ ಕೆಲಸವು ಎರಡು ಹೆಜ್ಜೆಗಳ ಒಳಗೇ ನಡೆದುಹೋದರೆ ಸೊನ್ನೆ ಎಂದೂ, ನಡುವೆ ಒಂದು ಹೆಜ್ಜೆ ಬಿದ್ದರೆ ೧೫.೬ ಎಂದೂ ದಾಖಲಾಗುತ್ತದೆ. ಒಂದು ಮಿಲಿಸೆಕೆಂಡಿನ ಕೆಲಸವಾದರೂ ಸರಿಯೆ, ಹದಿನಾಲ್ಕು ಮಿಲಿಸೆಕೆಂಡಿನ ಕೆಲಸವಾದರೂ ಸರಿಯೆ, ಉತ್ತರವು ಈ ಎರಡರಲ್ಲೊಂದು. ನಾನು ಸಭೆಗೆ ತೋರಿಸಿದ್ದು ಎರಡು ಪ್ರೋಗ್ರಾಮುಗಳ ಅಂತರವನ್ನಲ್ಲ. ಗಡಿಯಾರದ ಹೆಜ್ಜೆ ಯಾರ ಕಾಲದಲ್ಲಿ ಬಿತ್ತು ಎಂಬ ಆಕಸ್ಮಿಕವನ್ನು.

ಇದು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ದೋಷವಲ್ಲ. ವರ್ಷವನ್ನು ಮಾತ್ರ ಹೇಳಿ ಮಾಸ ತಿಥಿಗಳನ್ನು ಹೇಳದ ಎರಡು ದಾನಶಾಸನಗಳು ಅನುಕ್ರಮವಾದ ಎರಡು ವರ್ಷಗಳವಾಗಿದ್ದರೆ, ಅವುಗಳ ನಡುವಣ ಅಂತರವು ಒಂದು ದಿನವೂ ಆಗಿರಬಹುದು, ಎರಡು ವರ್ಷಗಳಿಗೆ ಒಂದು ದಿನ ಕಡಮೆಯೂ ಆಗಿರಬಹುದು. ಅಲ್ಲಿ ನಾವು ಎಚ್ಚರದಿಂದ ‘ಸುಮಾರು’ ಎಂದು ಬರೆಯುತ್ತೇವೆ. ಯಂತ್ರವು ದಶಮಾಂಶದ ಮುಂದೆ ಆರೇಳು ಸ್ಥಾನಗಳನ್ನು ಮುದ್ರಿಸಿತೆಂದರೆ ಮಾತ್ರ ಆ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ಮುದ್ರಿತವಾದ ಸ್ಥಾನಗಳ ಸಂಖ್ಯೆ ಬೇರೆ, ಗಡಿಯಾರದ ಹೆಜ್ಜೆಯ ಅಳತೆ ಬೇರೆ, ಆ ಹೆಜ್ಜೆ ನಿಜವಾದ ಕಾಲಕ್ಕೆ ಎಷ್ಟು ಹೊಂದಿದೆ ಎಂಬುದು ಇನ್ನೂ ಬೇರೆ. ಈ ಮೂರನ್ನೂ ‘ನಿಖರತೆ’ ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಗೊಂದಲವು ಬೆಳೆದಿದೆ.

ಪೈಥಾನಿನ ೩.೧೩ನೆಯ ಆವೃತ್ತಿಯಿಂದ ವಿಂಡೋಸಿನಲ್ಲಿಯೂ ‘ಟೈಮ್.ಟೈಮ್’ ಫಂಕ್ಷನ್ನು ಸೂಕ್ಷ್ಮವಾದ ಮೂಲವನ್ನು ಆಶ್ರಯಿಸಿದೆ. ಹೆಸರು ಬದಲಾಗದೆ ಅರ್ಥವು ಬದಲಾದುದಕ್ಕೆ ಇದೊಂದು ನಿದರ್ಶನ. ಆದುದರಿಂದ ಫಂಕ್ಷನ್ನಿನ ಹೆಸರಿನೊಡನೆ ಆವೃತ್ತಿಯನ್ನು ಹೇಳದಿದ್ದರೆ ಓದುವವನು ಅಂಕೆಯ ಬೆಲೆಯನ್ನು ಕಟ್ಟಲಾರನು.

೩

ಇನ್ನು ಮೈನಸ್ ೧೧೨ರ ವಿಚಾರ. ಆ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಹಳೆಯದಾಗಿ ಗಡಿಯಾರವು ಕೆಲವು ನಿಮಿಷ ಮುಂದಿತ್ತು. ಪ್ರೋಗ್ರಾಮು ಓಡುತ್ತಿದ್ದಾಗ ಇಂಟರ್ನೆಟ್ ಸಂಪರ್ಕ ಬಂದಿತು. ವ್ಯವಸ್ಥೆಯು ಹೊರಗಿನ ಪ್ರಮಾಣಕಾಲವನ್ನು ಕೇಳಿ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಂಡಿತು. ಗಡಿಯಾರವು ತಪ್ಪು ಮಾಡಲಿಲ್ಲ, ತಪ್ಪನ್ನು ತಿದ್ದಿಕೊಂಡಿತು. ಅದರ ಕರ್ತವ್ಯವೇ ಅದು. ಈಗ ದಿನಾಂಕವೇನು, ಹೊತ್ತೆಷ್ಟು ಎಂದು ಹೇಳುವುದಕ್ಕಾಗಿ ಇರುವ ಈ ಗಡಿಯಾರವನ್ನು ಇಲ್ಲಿ ‘ವ್ಯವಹಾರದ ಗಡಿಯಾರ’ ಎಂದು ಕರೆಯೋಣ. ಪತ್ರಕ್ಕೆ ತೇದಿ ಹಾಕುವುದಕ್ಕೆ, ಕಡತವನ್ನು ಯಾವಾಗ ಬದಲಿಸಿದರೆಂದು ಗುರುತಿಸುವುದಕ್ಕೆ ಇದೇ ಬೇಕು. ಎರಡು ಕ್ಷಣಗಳ ನಡುವೆ ಎಷ್ಟು ಕಾಲ ಸಂದಿತೆಂದು ಅಳೆಯುವುದಕ್ಕೆ ಮಾತ್ರ ಇದು ಸಲ್ಲದು.

ಕಾರಣವನ್ನು ಇತಿಹಾಸದಿಂದಲೇ ತೋರಿಸಬಹುದು. ಬ್ರಿಟನ್ನಿನಲ್ಲಿ ೧೭೫೨ನೆಯ ಸೆಪ್ಟೆಂಬರ್ ೨ರ ಮರುದಿನವನ್ನು ಸೆಪ್ಟೆಂಬರ್ ೧೪ ಎಂದು ಎಣಿಸಿದರು. ಆ ಎರಡು ತೇದಿಗಳನ್ನು ಕಳೆದರೆ ಹನ್ನೆರಡು ಬರುತ್ತದೆ. ನಿಜವಾಗಿ ಸಂದದ್ದು ಒಂದು ದಿನ. ನಮ್ಮ ನಾಡಿನಲ್ಲಿಯೂ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದು ಶಕವರ್ಷದ ಬದಲು ತನ್ನ ಹೆಸರಿನ ವರ್ಷವನ್ನು ನಡೆಸಿದನು. ಶಕ ೯೯೮, ನಳ ಸಂವತ್ಸರ, ಅಂದರೆ ಕ್ರಿ.ಶ. ೧೦೭೬-೭೭, ಚಾಲುಕ್ಯ ವಿಕ್ರಮವರ್ಷ ೧ ಆಯಿತು. ಶಕ ೯೯೦ರ ಒಂದು ಶಾಸನವನ್ನೂ ವಿಕ್ರಮವರ್ಷ ೧೦ರ ಇನ್ನೊಂದನ್ನೂ ಅಂಕೆಯಿಂದ ಅಂಕೆಯನ್ನು ಕಳೆದು ನೋಡುವವನಿಗೆ ಕಾಲವು ಒಂಬೈನೂರ ಎಂಬತ್ತು ವರ್ಷ ಹಿಂದಕ್ಕೆ ಹೋದಂತೆ ತೋರುತ್ತದೆ. ನನ್ನ ಮೈನಸ್ ೧೧೨ ಇದೇ ಜಾತಿಯದು.

ಕಂಪ್ಯೂಟರಿನಲ್ಲಿ ಇಂತಹ ತಿದ್ದುಪಡಿ ಶತಮಾನಕ್ಕೊಮ್ಮೆಯಲ್ಲ, ದಿನನಿತ್ಯದಲ್ಲಿಯೇ ನಡೆಯುತ್ತಿರುತ್ತದೆ. ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಎಂಬ ಪದ್ಧತಿಯ ಮೊದಲ ನಿರೂಪಣೆ ೧೯೮೫ರಲ್ಲಿ ಪ್ರಕಟವಾಯಿತು. ಅದರ ಪ್ರಸಿದ್ಧ ಪ್ರೋಗ್ರಾಮು, ವ್ಯತ್ಯಾಸವು ೧೨೮ ಮಿಲಿಸೆಕೆಂಡಿಗಿಂತ ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಗಡಿಯಾರವನ್ನು ಒಮ್ಮೆಲೇ ಜಿಗಿಸುತ್ತದೆ. ಕಡಮೆಯಾಗಿದ್ದರೆ ಹತ್ತು ಲಕ್ಷಕ್ಕೆ ಐನೂರು ಭಾಗದ ಮಿತಿಯೊಳಗೆ ನಡಿಗೆಯನ್ನು ತುಸು ಬಿರುಸು ಅಥವಾ ತುಸು ನಿಧಾನ ಮಾಡಿ ಸರಿಪಡಿಸುತ್ತದೆ. ಇದಲ್ಲದೆ ಭೂಮಿಯ ಪರಿಭ್ರಮಣಕ್ಕೆ ಹೊಂದಿಸಲು ೧೯೭೨ರಿಂದ ೨೦೧೬ರ ಕೊನೆಯವರೆಗೆ ೨೭ ಸಲ ಅಧಿಕ ಸೆಕೆಂಡುಗಳನ್ನು ಪ್ರಮಾಣಕಾಲಕ್ಕೆ ಸೇರಿಸಿದ್ದಾರೆ. ಚಾಂದ್ರಮಾನಕ್ಕೆ ಅಧಿಕಮಾಸವಿದ್ದಂತೆ ಇದು ಗಡಿಯಾರಕ್ಕೆ ಅಧಿಕ ಸೆಕೆಂಡು.

ಈ ಅಧಿಕ ಸೆಕೆಂಡಿನ ದೆಸೆಯಿಂದ ಆದ ಒಂದು ಪ್ರಸಿದ್ಧ ಅವಘಡವನ್ನು ಇಲ್ಲಿ ಉಲ್ಲೇಖಿಸಬಹುದು. ೨೦೧೭ರ ಹೊಸವರ್ಷದ ಆರಂಭದಲ್ಲಿ, ಪ್ರಮಾಣಕಾಲದ ನಡುರಾತ್ರಿ, ಕ್ಲೌಡ್‌ಫ್ಲೇರ್ ಸಂಸ್ಥೆಯ ಹೆಸರು-ವಿಳಾಸ ಸೇವೆಯ ಒಂದು ಅಂಶ ಕುಸಿಯಿತು. ಆ ಪ್ರೋಗ್ರಾಮನ್ನು ಗೋ ಎಂಬ ಭಾಷೆಯಲ್ಲಿ ಬರೆದಿದ್ದರು. ಎರಡು ಹೊತ್ತುಗಳನ್ನು ಕಳೆದು ಬರುವ ಅಂತರ ಸೊನ್ನೆಗಿಂತ ಕಡಮೆಯಾಗಲಾರದೆಂದು ಬರೆದವರು ಭಾವಿಸಿದ್ದರು. ಅಧಿಕ ಸೆಕೆಂಡಿನಲ್ಲಿ ವ್ಯವಹಾರದ ಗಡಿಯಾರ ಹಿಂದೆ ಸರಿದಾಗ ಅಂತರವು ಋಣಸಂಖ್ಯೆಯಾಯಿತು. ಋಣಸಂಖ್ಯೆಯನ್ನು ಎದುರುನೋಡದ ಮುಂದಿನ ಭಾಗ ನಿಂತುಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ಗೋ ಭಾಷೆಯ ೧.೯ನೆಯ ಆವೃತ್ತಿಯಲ್ಲಿ, ಹೊತ್ತನ್ನು ಕೇಳಿದಾಗಲೆಲ್ಲ ಹಿಂದೆ ಸರಿಯದ ಇನ್ನೊಂದು ಎಣಿಕೆಯನ್ನೂ ಜೊತೆಯಲ್ಲಿಟ್ಟು, ಅಂತರವನ್ನು ಅದರಿಂದಲೇ ಲೆಕ್ಕ ಹಾಕುವ ಏರ್ಪಾಡಾಯಿತು. ಮುಂದೆ ೨೦೨೨ರಲ್ಲಿ, ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ೨೦೩೫ರೊಳಗಾಗಿ ಈ ಹೊಂದಾಣಿಕೆಯ ಮಿತಿಯನ್ನೇ ಸಡಿಲಿಸಬೇಕೆಂದು ನಿರ್ಣಯಿಸಿತು. ಆದರೆ ಅಧಿಕ ಸೆಕೆಂಡು ಹೋದರೂ ಉಳಿದ ತಿದ್ದುಪಡಿಗಳು ಹೋಗುವುದಿಲ್ಲವೆಂಬುದನ್ನು ಮರೆಯಲಾಗದು.

೪

ಹಿಂದೆ ಸರಿಯದ ಆ ಎಣಿಕೆಯನ್ನು ‘ಎಣಿಕೆಯ ಗಡಿಯಾರ’ ಎನ್ನೋಣ. ಲಿನಕ್ಸಿನಲ್ಲಿ ‘ಕ್ಲಾಕ್_ಮಾನೊಟೋನಿಕ್’, ವಿಂಡೋಸಿನಲ್ಲಿ ‘ಕ್ವೆರಿಪರ್ಫಾರ್ಮೆನ್ಸ್‌ಕೌಂಟರ್’, ಜಾವಾದಲ್ಲಿ ೨೦೦೪ರಿಂದ ‘ನ್ಯಾನೋಟೈಮ್’, ಪೈಥಾನಿನಲ್ಲಿ ೨೦೧೨ರಿಂದ ‘ಪರ್ಫ್_ಕೌಂಟರ್’ ಇವು ಈ ವರ್ಗದವು. ಪ್ರೋಗ್ರಾಮು ಮೊದಲಿನಿಂದ ಕೊನೆಯವರೆಗೆ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಅಳೆಯಲು ಯೋಗ್ಯವಾದುದು ಇದೇ. ನಮ್ಮ ಜ್ಯೋತಿಷಿಗಳು ಮಾಸ, ಪಕ್ಷ, ಅಧಿಕ, ಕ್ಷಯಗಳ ತೊಡಕನ್ನು ದಾಟಲು ಅಹರ್ಗಣವನ್ನು ಆಶ್ರಯಿಸಿದ ಕಾರಣವೂ ಇದೇ. ಅದು ಒಂದೊಂದಾಗಿ ಏರುತ್ತದೆ; ಯಾವ ಅರಸನ ಆಜ್ಞೆಯಿಂದಲೂ ಅದು ಹಿಂದಕ್ಕೆ ಹೋಗದು.

ಆದರೆ ಎಣಿಕೆಯ ಗಡಿಯಾರಕ್ಕೂ ಅದರದೇ ಆದ ಮಿತಿಗಳಿವೆ. ಮೊದಲನೆಯದು, ಅದರ ಆದಿಬಿಂದುವಿಗೆ ಹೊರಗೆ ಅರ್ಥವಿಲ್ಲ. ಹಲವು ಯಂತ್ರಗಳಲ್ಲಿ ಅದು ಯಂತ್ರವನ್ನು ಹೊತ್ತಿಸಿದ ಗಳಿಗೆ. ಜಾವಾದಲ್ಲಿ ಯಾವುದೆಂದು ಗೊತ್ತಿಲ್ಲದ, ಓಟದಿಂದ ಓಟಕ್ಕೆ ಬದಲಾಗಬಹುದಾದ ಒಂದು ಗಳಿಗೆ. ಆದುದರಿಂದ ಒಂದು ಯಂತ್ರದ ಎಣಿಕೆಯಿಂದ ಇನ್ನೊಂದರ ಎಣಿಕೆಯನ್ನು ಕಳೆಯುವುದು, ಒಬ್ಬ ಅರಸನ ಆಳ್ವಿಕೆಯ ಐದನೆಯ ವರ್ಷವನ್ನು ಮತ್ತೊಬ್ಬನ ಎಂಟನೆಯ ವರ್ಷದಿಂದ ಕಳೆದಷ್ಟೇ ನಿರರ್ಥಕ.

ಎರಡನೆಯದು, ಎಣಿಕೆಗೆ ಕೊಟ್ಟ ಸ್ಥಳವು ತುಂಬಿದರೆ ಅದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಕೆಲವು ಹಳೆಯ ಕಡತಗಳಲ್ಲಿ ಪ್ಲವ ಸಂವತ್ಸರ ಎಂದು ಮಾತ್ರ ಇದ್ದರೆ ಅದು ೧೯೦೧ರದೋ, ೧೮೪೧ರದೋ ಎಂಬ ಸಂಶಯ ಉಳಿಯುವುದು ಅರವತ್ತರ ಚಕ್ರದ ಕಾರಣದಿಂದ. ವಿಂಡೋಸಿನ ‘ಗೆಟ್‌ಟಿಕ್‌ಕೌಂಟ್’ ಎಂಬ ಹಳೆಯ ಫಂಕ್ಷನ್ನು ಮಿಲಿಸೆಕೆಂಡುಗಳನ್ನು ೩೨ ಬಿಟ್ಟುಗಳಲ್ಲಿ ಎಣಿಸುತ್ತದೆ, ೪೯.೭ ದಿನಗಳಿಗೆ ಅದರ ಚಕ್ರ ತಿರುಗುತ್ತದೆ. ವಿಂಡೋಸ್ ೯೫ ಮತ್ತು ೯೮ ಇಷ್ಟು ದಿನ ಎಡೆಬಿಡದೆ ಓಡಿದರೆ ಸ್ತಬ್ಧವಾಗಿಬಿಡುತ್ತಿದ್ದುದು ಇಂತಹ ಚಕ್ರದ ಫಲ. ಯುನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ಸಿ ಭಾಷೆಯ ‘ಕ್ಲಾಕ್’ ಫಂಕ್ಷನ್ನಿಗೆ ೩೨ ಬಿಟ್ಟುಗಳನ್ನಷ್ಟೇ ಕೊಟ್ಟಿದ್ದಲ್ಲಿ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ಎಣಿಸುವ ಅದು ಸುಮಾರು ೭೨ ನಿಮಿಷಗಳಿಗೇ ಸುತ್ತು ಬರುತ್ತದೆ.

ಮೂರನೆಯದು, ಯಂತ್ರವು ನಿದ್ರಿಸುವಾಗ ಎಣಿಸಬೇಕೆ ಬೇಡವೆ ಎಂಬುದು. ಲಿನಕ್ಸಿನ ‘ಕ್ಲಾಕ್_ಮಾನೊಟೋನಿಕ್’ ನಿದ್ರೆಯ ಕಾಲವನ್ನು ಎಣಿಸುವುದಿಲ್ಲ, ‘ಕ್ಲಾಕ್_ಬೂಟ್‌ಟೈಮ್’ ಎಣಿಸುತ್ತದೆ. ವೇಗಪರೀಕ್ಷೆಗೆ ಮೊದಲನೆಯದು ಸಾಕು; ರಾತ್ರಿಯೆಲ್ಲ ಓಡುವ ಕೆಲಸವನ್ನು ಮಡಿಸುವ ಕಂಪ್ಯೂಟರಿನಲ್ಲಿ ಅಳೆಯುವವರು ಈ ಭೇದವನ್ನು ತಿಳಿದಿರಬೇಕು.

ಪ್ರೊಸೆಸರಿನ ಒಳಗಿರುವ ಸ್ಪಂದನಗಣಕವನ್ನು ನೇರವಾಗಿ ಓದುವುದೇ ಎಲ್ಲಕ್ಕಿಂತ ಮೇಲೆಂದು ಹೇಳುವವರೂ ಉಂಟು. ಇಂಟೆಲ್ ಸಂಸ್ಥೆಯ ಪೆಂಟಿಯಂನಲ್ಲಿ, ೧೯೯೩ರಲ್ಲಿ, ಈ ಗಣಕವು ಬಂದಿತು. ಅದು ಎಣಿಸುತ್ತಿದ್ದುದು ಕಾಲವನ್ನಲ್ಲ, ಪ್ರೊಸೆಸರಿನ ಸ್ಪಂದನಗಳನ್ನು. ವಿದ್ಯುತ್ತಿನ ಉಳಿತಾಯಕ್ಕಾಗಿ ಪ್ರೊಸೆಸರು ತನ್ನ ವೇಗವನ್ನು ಇಳಿಸಿ ಏರಿಸತೊಡಗಿದ ಮೇಲೆ ಸ್ಪಂದನವೂ ಸೆಕೆಂಡೂ ಒಂದಕ್ಕೊಂದು ಹೊಂದಲಿಲ್ಲ. ಒಂದೇ ಯಂತ್ರದಲ್ಲಿ ಹಲವು ಪ್ರೊಸೆಸರುಗಳಿದ್ದಾಗ ಒಂದರ ಗಣಕಕ್ಕೂ ಇನ್ನೊಂದರದಕ್ಕೂ ಸಾಮ್ಯವಿರಲಿಲ್ಲ. ತರುವಾಯದ ಪ್ರೊಸೆಸರುಗಳಲ್ಲಿ ವೇಗ ಬದಲಾದರೂ ಏಕರೀತಿಯಾಗಿ ನಡೆಯುವ ಗಣಕವನ್ನಿಟ್ಟರು. ಇಂದು ಸಾಮಾನ್ಯ ಯಂತ್ರಗಳಲ್ಲಿ ಲಿನಕ್ಸಿನ ಎಣಿಕೆಯ ಗಡಿಯಾರವು ಇದೇ ಗಣಕವನ್ನು ಓದಿ, ಸೆಕೆಂಡಿಗೆ ಪರಿವರ್ತಿಸಿ ಕೊಡುತ್ತದೆ. ಹೀಗಿರಲಾಗಿ ಪರಿಷ್ಕರಿಸಿದ ಪಾಠವು ಕೈಯಲ್ಲಿರುವಾಗ ಮೂಲದ ಒರಟು ಓಲೆಯನ್ನೇ ಓದುತ್ತೇನೆಂಬ ಹಟವು ತಜ್ಞರಿಗೆ ಮಾತ್ರ ಶೋಭಿಸುತ್ತದೆ.

೫

ಮೂರನೆಯ ವರ್ಗವೊಂದಿದೆ. ಪ್ರೊಸೆಸರು ನಮ್ಮ ಪ್ರೋಗ್ರಾಮಿಗಾಗಿ ನಿಜವಾಗಿ ದುಡಿದ ಕಾಲವನ್ನು ಮಾತ್ರ ಇದು ಎಣಿಸುತ್ತದೆ. ಡಿಸ್ಕಿನಿಂದ ಕಡತ ಬರಲೆಂದು ಕಾದ ಕಾಲವನ್ನೂ, ಬೇರೆ ಪ್ರೋಗ್ರಾಮುಗಳಿಗೆ ಸರದಿ ಬಿಟ್ಟುಕೊಟ್ಟ ಕಾಲವನ್ನೂ ಬಿಟ್ಟುಬಿಡುತ್ತದೆ. ಇದನ್ನು ‘ದುಡಿಮೆಯ ಗಡಿಯಾರ’ ಎನ್ನಬಹುದು. ಪೈಥಾನಿನ ‘ಪ್ರೋಸೆಸ್_ಟೈಮ್’ ಈ ಬಗೆಯದು. ಆಳು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಲದಲ್ಲಿದ್ದ ಹೊತ್ತು ಒಂದು, ನೇಗಿಲು ಹಿಡಿದ ಹೊತ್ತು ಇನ್ನೊಂದು. ಎರಡೂ ನಿಜವೇ. ಯಾವುದು ಬೇಕೆಂಬುದನ್ನು ಕೇಳುವವನು ಮೊದಲು ತೀರ್ಮಾನಿಸಿಕೊಳ್ಳಬೇಕು. ನಾಲ್ಕು ಪ್ರೊಸೆಸರುಗಳು ಒಟ್ಟಿಗೆ ಒಂದು ಸೆಕೆಂಡು ದುಡಿದರೆ ದುಡಿಮೆಯ ಗಡಿಯಾರವು ನಾಲ್ಕು ಸೆಕೆಂಡು ಎನ್ನುತ್ತದೆ. ಕಾದು ಕುಳಿತವನ ಪಾಲಿಗೆ ಸಂದದ್ದು ಒಂದೇ ಸೆಕೆಂಡು. ಕೆಲಸವನ್ನು ಹಂಚಿದುದರಿಂದ ಲಾಭವಾಗಲಿಲ್ಲವೆಂದು ಈ ಅಂಕೆಯನ್ನು ಮುಂದಿಟ್ಟು ವಾದಿಸುವವರು ಗಡಿಯಾರವನ್ನು ತಪ್ಪಾಗಿ ಓದಿದವರು.

ಇಲ್ಲಿಯೇ ಫಂಕ್ಷನ್ನುಗಳಿಗೆ ಹೆಸರಿಟ್ಟವರ ಮೇಲೆ ನನ್ನ ಮುಖ್ಯವಾದ ಆಕ್ಷೇಪವಿದೆ. ಸಿ ಭಾಷೆಯ ‘ಕ್ಲಾಕ್’ ಯುನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ದುಡಿಮೆಯ ಕಾಲವನ್ನು ಹೇಳುತ್ತದೆ. ಮೈಕ್ರೋಸಾಫ್ಟಿನ ಗ್ರಂಥಾಲಯದಲ್ಲಿ ಅದೇ ಹೆಸರಿನ ಫಂಕ್ಷನ್ನು ಹೊರಗೆ ಸಂದ ಕಾಲವನ್ನು ಹೇಳುತ್ತದೆ. ಒಂದೇ ಪ್ರೋಗ್ರಾಮು ಎರಡು ಕಡೆಗಳಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ, ಓದುವವನಿಗೆ ಅದರ ಸುಳಿವೂ ಸಿಗುವುದಿಲ್ಲ. ಪೈಥಾನಿನ ‘ಟೈಮ್.ಕ್ಲಾಕ್’ ಈ ದ್ವಂದ್ವವನ್ನೇ ಬಳುವಳಿಯಾಗಿ ಪಡೆಯಿತು. ೨೦೧೨ರಲ್ಲಿ ಅದನ್ನು ಬಳಸಬಾರದೆಂದು ಸಾರಿ, ಪ್ರತಿಯೊಂದು ಅರ್ಥಕ್ಕೂ ಪ್ರತ್ಯೇಕವಾದ ಹೆಸರನ್ನಿಟ್ಟು, ೨೦೧೯ರ ೩.೮ನೆಯ ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಿದರು. ಹಳೆಯ ಪ್ರೋಗ್ರಾಮುಗಳು ಇದರಿಂದ ನಿಂತುಹೋದುವೆಂಬ ದೂರು ನಿಜ. ಆದರೂ ತಪ್ಪು ಉತ್ತರ ಕೊಡುವ ಪ್ರೋಗ್ರಾಮಿಗಿಂತ ನಿಂತುಹೋಗುವ ಪ್ರೋಗ್ರಾಮು ಲೇಸು. ಈ ನಿರ್ಧಾರವು ಶ್ಲಾಘನೀಯವೆಂದೇ ನನ್ನ ಮತ.

ಸಿ++ ಭಾಷೆಯ ೨೦೧೧ರ ಆವೃತ್ತಿಯಲ್ಲಿ ವ್ಯವಹಾರದ ಗಡಿಯಾರಕ್ಕೂ ಹಿಂದೆ ಸರಿಯದ ಗಡಿಯಾರಕ್ಕೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟುದು ವಿವೇಕದ ಕೆಲಸ. ಆದರೆ ಅವುಗಳ ಜೊತೆಗೆ ‘ಹೈ_ರೆಸಲ್ಯೂಷನ್_ಕ್ಲಾಕ್’ ಎಂಬ ಮೂರನೆಯ ಹೆಸರನ್ನೂ ಸೇರಿಸಿದರು. ಅತಿ ಸೂಕ್ಷ್ಮವಾದ ಗಡಿಯಾರವೆಂದು ಹೆಸರೇ ಸಾರುವುದರಿಂದ ವೇಗಪರೀಕ್ಷೆಗೆ ಕೂತವನ ಕೈ ಮೊದಲು ಅದರ ಮೇಲೆಯೇ ಹೋಗುತ್ತದೆ. ನಿಜಸಂಗತಿಯೆಂದರೆ, ಗ್ನೂ ಗ್ರಂಥಾಲಯದಲ್ಲಿ ಅದು ವ್ಯವಹಾರದ ಗಡಿಯಾರದ ಇನ್ನೊಂದು ಹೆಸರು. ಮೈಕ್ರೋಸಾಫ್ಟಿನಲ್ಲಿ ಹಿಂದೆ ಸರಿಯದ ಗಡಿಯಾರದ ಇನ್ನೊಂದು ಹೆಸರು. ಹೆಸರು ಹೆಜ್ಜೆಯ ಸೂಕ್ಷ್ಮತೆಯನ್ನು ಕುರಿತು ಮಾತನಾಡುತ್ತದೆ. ತಿಳಿಯಬೇಕಾದ್ದು ಆ ಗಡಿಯಾರ ಹಿಂದಕ್ಕೆ ಸರಿಯುವುದೇ ಎಂಬುದು, ಅದನ್ನು ಕುರಿತು ಮೌನವಾಗಿದೆ. ಬಿರುದಾವಳಿಯನ್ನು ನೋಡಿ ಅರಸನ ರಾಜ್ಯದ ವಿಸ್ತಾರವನ್ನು ನಿರ್ಣಯಿಸುವ ಅಪಾಯ ನಮ್ಮ ಶಾಸ್ತ್ರದಲ್ಲಿಯೂ ಉಂಟಷ್ಟೆ.

೬

ಸರಿಯಾದ ಗಡಿಯಾರವನ್ನು ಆರಿಸಿದ ಮಾತ್ರಕ್ಕೆ ಅಳತೆಯು ಸರಿಯಾಗುವುದಿಲ್ಲ. ಗಡಿಯಾರವನ್ನು ಓದುವುದಕ್ಕೂ ಕಾಲ ಹಿಡಿಯುತ್ತದೆ. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಅದು ಕೆಲವು ಹತ್ತು ನ್ಯಾನೋಸೆಕೆಂಡುಗಳಷ್ಟು. ಐದು ನ್ಯಾನೋಸೆಕೆಂಡಿನ ಕೆಲಸವನ್ನು ಒಂದೊಂದಾಗಿ ಅಳೆಯಲು ಹೊರಟವನು ಕೆಲಸಕ್ಕಿಂತ ಹೆಚ್ಚಾಗಿ ಗಡಿಯಾರವನ್ನೇ ಅಳೆಯುತ್ತಾನೆ. ಅಂತಹ ಕೆಲಸವನ್ನು ಲಕ್ಷ ಸಲ ಮಾಡಿಸಿ ಒಟ್ಟು ಕಾಲವನ್ನು ಭಾಗಿಸುವುದು ರೂಢಿ. ಅಲ್ಲಿಯೂ, ಫಲವನ್ನು ಎಲ್ಲಿಯೂ ಬಳಸದಿದ್ದರೆ ಆ ಕೆಲಸವನ್ನೇ ವ್ಯರ್ಥವೆಂದು ತಿಳಿದು ಭಾಷಾಂತರಿಸುವ ಕಂಪೈಲರು ಅದನ್ನು ಬಿಟ್ಟುಬಿಡುವುದುಂಟು. ಪೈಥಾನಿನ ‘ಟೈಮಿಟ್’ ಎಂಬ ಉಪಕರಣವು ಇಂತಹ ಪುನರಾವರ್ತನೆಗಾಗಿಯೇ ಇದೆ. ಹಲವು ಸಲ ಅಳೆದು ಬಂದ ಅಂಕೆಗಳಲ್ಲಿ ಅತ್ಯಂತ ಕಡಮೆಯಾದುದನ್ನು ಮುಖ್ಯವಾಗಿ ನೋಡಬೇಕೆಂದು ಅದರ ವಿವರಣೆ ಹೇಳುತ್ತದೆ. ಬೇರೆ ಪ್ರೋಗ್ರಾಮುಗಳ ಅಡ್ಡಿಯು ಕಾಲವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲವೆಂಬುದು ಇದಕ್ಕೆ ಆಧಾರ.

ಇಷ್ಟಾದರೂ ಸಾಲದೆಂಬುದನ್ನು ೨೦೦೯ರಲ್ಲಿ ಮಿಟ್ಕೊವಿಚ್, ದಿವಾನ್, ಹೌಸ್‌ವಿರ್ತ್ ಮತ್ತು ಸ್ವೀನಿ ಎಂಬ ವಿದ್ವಾಂಸರು ತೋರಿಸಿದರು. ಪ್ರೋಗ್ರಾಮಿಗೆ ಸಂಬಂಧವೇ ಇಲ್ಲದ ಪರಿಸರ-ಚರಾಂಕಗಳ ಗಾತ್ರವನ್ನು ಬದಲಿಸಿದರೆ, ಅಥವಾ ಭಾಗಗಳನ್ನು ಜೋಡಿಸುವ ಅನುಕ್ರಮವನ್ನು ಬದಲಿಸಿದರೆ ಸಾಕು, ಸ್ಮೃತಿಯಲ್ಲಿ ವಸ್ತುಗಳ ಸ್ಥಾನ ಬದಲಾಗಿ ವೇಗಪರೀಕ್ಷೆಯ ತೀರ್ಮಾನವೇ ತಿರುಗಿಬೀಳಬಹುದು. ಗಡಿಯಾರವು ಇಲ್ಲಿ ನಿರ್ದೋಷಿ. ಒಂದೇ ಸನ್ನಿವೇಶದಲ್ಲಿ ಅಳೆದು ಎಲ್ಲ ಸನ್ನಿವೇಶಗಳಿಗೂ ಅನ್ವಯಿಸಿದವನದೇ ದೋಷ.

ಗಡಿಯಾರದ ಸೂಕ್ಷ್ಮತೆಯನ್ನು ಬೇಕೆಂದೇ ತಗ್ಗಿಸಿದ ಪ್ರಸಂಗವನ್ನೂ ಹೇಳಬೇಕು. ೨೦೧೮ರ ಜನವರಿಯಲ್ಲಿ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳು ಪ್ರಕಟವಾದುವು. ಸೂಕ್ಷ್ಮವಾದ ಗಡಿಯಾರವೊಂದು ಕೈಗೆ ಸಿಕ್ಕರೆ, ಸ್ಮೃತಿಯಿಂದ ಒಂದು ಅಂಶ ಬೇಗ ಬಂದಿತೋ ತಡವಾಗಿ ಬಂದಿತೋ ಎಂಬುದರಿಂದಲೇ ಗುಟ್ಟಾದ ಮಾಹಿತಿಯನ್ನು ಊಹಿಸಬಹುದಾಗಿತ್ತು. ಆಗ ಫೈರ್‌ಫಾಕ್ಸ್ ತನ್ನ ‘ಪರ್ಫಾರ್ಮೆನ್ಸ್.ನೌ’ ಗಡಿಯಾರದ ಹೆಜ್ಜೆಯನ್ನು ೨೦ ಮೈಕ್ರೋಸೆಕೆಂಡಿಗೆ ದೊಡ್ಡದು ಮಾಡಿತು. ಇತರ ಬ್ರೌಸರುಗಳೂ ತಂತಮ್ಮ ಕ್ರಮಗಳನ್ನು ಕೈಗೊಂಡುವು. ಆ ತಿಂಗಳ ಹಿಂದಿನ ಅಳತೆಗಳನ್ನೂ ಮುಂದಿನ ಅಳತೆಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವವರು ನಡುವೆ ಅಳತೆಗೋಲೇ ಬದಲಾಯಿತೆಂಬುದನ್ನು ಗಮನಿಸಬೇಕು.

೭

ಈಗ ಮೊದಲಿನ ಸಂಗತಿಗೆ ಬರೋಣ. ಎರಡೂ ಪ್ರೋಗ್ರಾಮುಗಳನ್ನು ‘ಪರ್ಫ್_ಕೌಂಟರ್’ ಬಳಸಿ, ಹತ್ತು ಸಾವಿರ ತೇದಿಗಳಿಗೆ, ಇಪ್ಪತ್ತು ಸಲ ಪುನಃ ಪರೀಕ್ಷಿಸಿದೆನು. ಪ್ರತಿಸಲವೂ ವಿದ್ಯಾರ್ಥಿನಿಯ ಕೋಷ್ಟಕದ ಮಾರ್ಗವು ನನ್ನದಕ್ಕೆ ಹಿಡಿಯುವ ಕಾಲದ ಸುಮಾರು ನಾಲ್ಕನೆಯ ಒಂದು ಪಾಲಿನಲ್ಲಿ ಮುಗಿಯಿತು. ಒಂದೇ ಒಂದು ತೇದಿಯನ್ನು ಕೊಟ್ಟಾಗ ಮಾತ್ರ ಅವರದು ನಿಧಾನ; ಏಕೆಂದರೆ ಕೋಷ್ಟಕದ ಕಡತವನ್ನು ಡಿಸ್ಕಿನಿಂದ ಓದುವ ಕಾಲ ಅದರಲ್ಲಿ ಸೇರಿರುತ್ತದೆ. ದುಡಿಮೆಯ ಗಡಿಯಾರದಿಂದ ನೋಡಿದರೆ ಡಿಸ್ಕಿಗಾಗಿ ಕಾದ ಭಾಗ ಕಳೆದುಹೋಗಿ ಆ ಅಂತರವೂ ಕುಗ್ಗುತ್ತದೆ. ಒಬ್ಬ ಓದುಗನು ಒಂದು ಶಾಸನದ ತೇದಿಯನ್ನು ನೋಡಬೇಕೆಂದರೆ ನನ್ನ ಕ್ರಮವೂ ಆಗಬಹುದು. ಒಂದು ಜಿಲ್ಲೆಯ ಶಾಸನಗಳನ್ನೆಲ್ಲ ಪರಿಶೀಲಿಸಬೇಕೆಂದರೆ ಅವರ ಕ್ರಮವೇ ಉತ್ತಮ. ಗೋಷ್ಠಿಯಲ್ಲಿ ನಾನು ಈ ಭೇದವನ್ನು ಕೇಳಲೇ ಇಲ್ಲ. ಪ್ರಶ್ನೆಯನ್ನು ನಿಶ್ಚಯಿಸುವ ಮೊದಲೇ ಗಡಿಯಾರವನ್ನು ಹಿಡಿದೆ, ಗಡಿಯಾರವನ್ನು ಪರೀಕ್ಷಿಸುವ ಮೊದಲೇ ತೀರ್ಪು ಕೊಟ್ಟೆ.

ಅಧ್ಯಾಪಕನ ಬಾಯಿಂದ ಬಂದ ಅಂಕೆಗೆ ತರಗತಿಯಲ್ಲಿ ಒಂದು ವಿಶೇಷವಾದ ಅಧಿಕಾರವಿರುತ್ತದೆ. ತಪ್ಪು ಓದಿನಿಂದ ಒಬ್ಬ ಅರಸನ ಕಾಲ ಹತ್ತು ವರ್ಷ ಹಿಂದುಮುಂದಾದರೆ ಇನ್ನೊಬ್ಬ ವಿದ್ವಾಂಸನು ತಿದ್ದಿಯಾನು; ವಿದ್ಯಾರ್ಥಿಯೊಬ್ಬರ ಒಳ್ಳೆಯ ಮಾರ್ಗವು ಒಂದು ತಪ್ಪು ಅಳತೆಯಿಂದ ಕೈಬಿಟ್ಟುಹೋದರೆ ಅದನ್ನು ತಿದ್ದುವವರು ಮುಂದೆ ಬರುವರೆಂಬ ಭರವಸೆಯಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಮತ್ತು ಮುಂದಿನವುಗಳಲ್ಲಿ ವೇಗಪರೀಕ್ಷೆಯ ಅಂಕೆಗಳನ್ನು ಪ್ರಕಟಿಸುವವರು ಈ ಕೆಳಗಿನ ವಿವರಗಳನ್ನು ಅಂಕೆಯ ಜೊತೆಯಲ್ಲಿಯೇ ಕೊಡಬೇಕೆಂದು ನನ್ನ ಸೂಚನೆ: ಅಳೆದದ್ದು ಹೊರಗೆ ಸಂದ ಕಾಲವೋ ದುಡಿಮೆಯ ಕಾಲವೋ ಎಂಬುದು; ಬಳಸಿದ ಫಂಕ್ಷನ್ನಿನ ಹೆಸರು, ಭಾಷೆಯ ಮತ್ತು ವ್ಯವಸ್ಥೆಯ ಆವೃತ್ತಿ; ಆ ಯಂತ್ರದಲ್ಲಿ ಗಡಿಯಾರದ ಅತಿ ಸಣ್ಣ ಹೆಜ್ಜೆ ಎಷ್ಟೆಂದು ತಾವೇ ಪರೀಕ್ಷಿಸಿ ಕಂಡುದು; ಎಷ್ಟು ಸಲ ಅಳೆದರು, ಕನಿಷ್ಠವೆಷ್ಟು, ನಡುವಣ ಬೆಲೆಯೆಷ್ಟು ಎಂಬುದು; ಮೊದಲ ಓಟವನ್ನು ಸೇರಿಸಿದರೋ ಬಿಟ್ಟರೋ ಎಂಬುದು. ಹೆಜ್ಜೆಯನ್ನು ಕಂಡುಕೊಳ್ಳುವುದು ಕಷ್ಟವೇನಲ್ಲ. ಗಡಿಯಾರವನ್ನು ಬಿಡುವಿಲ್ಲದೆ ಮತ್ತೆ ಮತ್ತೆ ಓದಿಸಿ, ಅಂಕೆಯು ಬದಲಾದಾಗಲೆಲ್ಲ ಎಷ್ಟರಿಂದ ಬದಲಾಯಿತೆಂದು ಬರೆಸಿದರೆ ಮೊದಲ ಹತ್ತು ಸಾಲುಗಳಲ್ಲಿಯೇ ಅದು ಗೋಚರಿಸುತ್ತದೆ. ಗೋಷ್ಠಿಗೆ ಮುಂಚೆ ಆ ಹತ್ತು ಸಾಲುಗಳನ್ನು ನಾನು ನೋಡಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ.

ನಮ್ಮ ವಿಭಾಗದಲ್ಲಿ ಈಗ ಶಾಸನಗಳ ಕಾಲಪರಿಶೀಲನೆಗೆ ಬಳಕೆಯಲ್ಲಿರುವುದು ಆ ವಿದ್ಯಾರ್ಥಿನಿಯ ಕೋಷ್ಟಕದ ಕ್ರಮವೆಂದೂ, ಗೋಷ್ಠಿಯಲ್ಲಿ ನಾನು ಹೇಳಿದ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದೂ ಇಲ್ಲಿ 
ದಾಖಲಿಸುತ್ತೇನೆ.